ಕೊನೇ ಪೀಸು

ಮುನಾವರನ ಅಂಗಡಿಯಲ್ಲಿ ಎಲ್ಲ ಸೀರೆಯೂ ಕೊನೆಯದೇ. ಹುಬ್ಬಳ್ಳಿಯ ಹೋಟೆಲ್ಲೊಂದರಲ್ಲಿ ಟೈ ಕಟ್ಟಿದ ತರುಣನೊಬ್ಬ ಅರ್ಧ ದಿನದ ತರಬೇತಿ ಕೊಟ್ಟು, ಮೇಲೆ ಊಟವನ್ನೂ ಹಾಕಿ ಕಲಿಸಿ ಕಳಿಸಿದ ವಿದ್ಯೆ ಅದು. "ಗಿರಾಕಿಗೆ ಸೀರೆ ಮಾರಬೇಡಿ, ಹೆದರಿಕೆ ಮಾರಿ" ಎಂದಿದ್ದ ಆ ಪುಣ್ಯಾತ್ಮ. ಇವತ್ತು ಬಿಟ್ಟರೆ ನಾಳೆ ಸಿಗದು ಎಂಬ ಹೆದರಿಕೆ. ಗಜೇಂದ್ರಗಡದ ಪೇಟೆಯಲ್ಲಿ ನಲವತ್ತು ವರ್ಷ ಇದೇ ಅಂಗಡಿ ನಡೆಸಿದ ಅಪ್ಪ ಜಂಗ್ಲಿಸಾಬನಿಗೆ ಈ ವಿದ್ಯೆ ಗೊತ್ತಿರಲಿಲ್ಲ. "ಇದರ ಬಣ್ಣ ಬಿಡತೈತಿ ಯವ್ವಾ, ಒಯ್ಯಬ್ಯಾಡ" ಎಂದು ಗಿರಾಕಿಯ ಕೈಯಿಂದ ಸೀರೆ ಕಸಿದುಕೊಳ್ಳುತ್ತಿದ್ದ ಮನುಷ್ಯ. ಅಂಥವನ ಅಂಗಡಿಗೆ ಲಕ್ಕಲಕಟ್ಟಿ, ಪುರ್ತಗೇರಿಯಿಂದೆಲ್ಲ ಜನ ಯಾಕೆ ಬರುತ್ತಿದ್ದರು ಎನ್ನುವುದು ಮಗನಿಗೆ ಇನ್ನೂ ಬಗೆಹರಿದಿರಲಿಲ್ಲ.

ಹೋದ ವಾರ ಎರಡುನೂರು ಹಸಿರು ಸೀರೆಗಳ ಗಂಟು ಬಂದಿತ್ತು. ಎಲ್ಲಕ್ಕೂ ಕೆಂಪು ಅಂಚು, ಸೆರಗಿಗೆ ನವಿಲು. ಮುನಾವರ ಒಂದನ್ನು ಮಾತ್ರ ಕೆಳಗಿಟ್ಟುಕೊಂಡು ಉಳಿದದ್ದನ್ನು ಅಟ್ಟಕ್ಕೇರಿಸಿದ. ಅದು ಮಾರಿದ ಮೇಲೆ ಇನ್ನೊಂದು ಗುಟ್ಟಾಗಿ ಇಳಿಯುತ್ತಿತ್ತು. ಬಂದವರ ಕಿವಿಯ ಹತ್ತಿರ ಬಾಗಿ ಅವನು ಹೇಳುತ್ತಿದ್ದುದು ಒಂದೇ ಮಾತು.

"ಕೊನೇ ಪೀಸ್ ರಿ ಅಕ್ಕಾರ. ನಿಮಗಂತ ತಗದಿಟ್ಟೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಐದು ದಿನದಲ್ಲಿ ಹನ್ನೊಂದು ಹೋದವು. ಹನ್ನೊಂದು ಮಂದಿಯೂ ನಿಯತ್ತಿನಿಂದ ಬಾಯಿ ಮುಚ್ಚಿಕೊಂಡರು. ಒಂದೇ ಓಣಿಯ ಹೆಂಗಸರು ಒಂದೇ ವಾರದಲ್ಲಿ ಹಸಿರು ಸೀರೆಯನ್ನೇ ಯಾಕೆ ಕೇಳುತ್ತಿದ್ದಾರೆ ಎಂದು ಜಂಗ್ಲಿಸಾಬನಾಗಿದ್ದರೆ ವಿಚಾರಿಸುತ್ತಿದ್ದ. ಮುನಾವರ ವಿಚಾರಿಸಲಿಲ್ಲ. ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಪಕ್ಕದ ಚಹಾದಂಗಡಿಯ ತೋಟಪ್ಪ ಓಡುತ್ತ ಬಂದ. ಊರಿನ ಯಾವ ಸುದ್ದಿಯನ್ನೂ ಆರಲು ಬಿಡದ ಆಸಾಮಿ.

"ಮುನಾವರ, ಕೆಟ್ಟಿ! ಇವತ್ತ ಕಳಕವ್ವನ ಮಗಳ ಕುಬಸ. ಬಸರಿ ಹುಡಿಗಿಗಿ ಹಸರ ಸೀರಿ ಉಡಸಾಕ ಓಣಿ ಮಂದಿ ಎಲ್ಲಾ ಸೀರಿ ತಂದಾರ. ಎಲ್ಲಾ ನಿನ್ನ ನವಿಲ! ಮೊದಲನೇದಕ್ಕ ಹುಡಿಗಿ ನಕ್ಕಳಂತ. ಮೂರನೇದಕ್ಕ ಸುಮ್ಮಾದಳಂತ. ಏಳನೇದಕ್ಕ ಅಳಾಕ ಹತ್ತಿದಳಂತ. ಎಲ್ಲಾರೂ ಇತ್ತ ಬರಾಕತ್ಯಾರ!"

ಮುನಾವರ ಹೆದರಿದ. ಹೆದರಿಕೆ ಸೀರೆಯದಲ್ಲ, ಗುರುವಾರದ್ದು. ಕಳಕವ್ವನ ಸಣ್ಣ ಮಗನ ಮದುವೆಯ ಜವಳಿ ಗುರುವಾರ ಇವನ ಅಂಗಡಿಯಲ್ಲೇ ತೆಗೆಯುವುದೆಂದು ಮಾತಾಗಿತ್ತು. ಬೀಗರಿಗೆ, ನೆಂಟರಿಗೆ, ಆಯೇರಿಗೆ ಅಂತ ಒಂದೇ ಏಟಿಗೆ ನೂರು ಸೀರೆ. ಆ ಜವಳಿಯ ನೆಚ್ಚಿನ ಮೇಲೆಯೇ ಅವನ ವರ್ಷ ನಿಂತಿತ್ತು.

ಕಳಕವ್ವ ಮೆಟ್ಟಿಲು ಹತ್ತಿದಳು. ಹಿಂದೆ ಹನ್ನೊಂದು ಮಂದಿ, ಪ್ರತಿಯೊಬ್ಬರ ಕೈಯಲ್ಲೂ ಒಂದು ನವಿಲು. ಯಾರೂ ಹೇಳದಿದ್ದರೂ ತೋಟಪ್ಪ ಹನ್ನೆರಡು ಚಹಾ ತಂದಿಟ್ಟು, ಬಾಗಿಲಿಗೆ ಒರಗಿ ನಿಂತುಕೊಂಡ.

"ಏನೋ ತಮ್ಮಾ, ಯಾವುದು ಕೊನೇ ಪೀಸು?" ಎಂದಳು ಕಳಕವ್ವ.

"ಹನ್ನೊಂದ ಬಂದಿದ್ವು ರಿ ಅವ್ವಾರ. ಹನ್ನೊಂದನೇದು ಕೊನೇದು."

"ಅಂದ್ರ ಹತ್ತ ಮಂದಿಗಿ ಸುಳ್ಳ, ಒಬ್ಬಾಕಿಗಿ ಖರೇ?"

ತಕ್ಷಣ ಆ ಒಬ್ಬಾಕೆ ತಾನೇ ಎಂದು ಹನ್ನೊಂದು ಮಂದಿಯೂ ಜಗಳಕ್ಕೆ ಬಿದ್ದರು. ಕಳಕವ್ವನ ಎದುರು ಮನೆಯ ಜುಲೇಖಾ, ತಾನು ಶುಕ್ರವಾರ ಸಂಜೆ ಒಯ್ದದ್ದು, ತನ್ನದೇ ಅಸಲಿ ಕೊನೆಯದು ಎಂದು ಸೀರೆಯನ್ನು ಎದೆಗವಚಿಕೊಂಡಳು. ಕಳಕವ್ವ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದಳು.

"ಆದದ್ದಾತು. ಇನ್ನೊಂದ ಉಳದಿಲ್ಲಾಂತ ಆಣಿ ಮಾಡು."

ಮುನಾವರ ಅಟ್ಟದ ಕಡೆ ನೋಡದಿರಲು ಹೆಣಗುತ್ತ, ಅಪ್ಪ ಬಟ್ಟೆ ಅಳೆಯುತ್ತಿದ್ದ ಕಬ್ಬಿಣದ ಗಜವನ್ನು ಮುಟ್ಟಿದ. "ಅಪ್ಪನ ಗಜದಾಣಿ ರಿ. ಒಂದ ಎಳಿ ಸೈತ ಉಳದಿಲ್ಲ."

ಬಾಯಿಂದ ಮಾತು ಬೀಳುವುದಕ್ಕೂ ಅಂಗಡಿಯ ಮುಂದೆ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಇಳಿದವರು ಮಹಿಳಾ ಸಂಘಗಳ ಉಸ್ತುವಾರಿ ಅನ್ನಪೂರ್ಣೇಶ್ವರಿ ಮೇಡಂ. ಹೆಂಗಸರ ಸಾಲನ್ನು, ಕೈಯಲ್ಲಿದ್ದ ಸೀರೆಗಳನ್ನು ನೋಡಿ ಅವರ ಮುಖ ಅರಳಿತು.

"ಯಾವ ಸಂಘದವರ್ರಿ ನೀವು? ಎಲ್ಲಾರೂ ಒಂದ ನಮೂನಿ ಸೀರಿ, ಎಷ್ಟ ಚಂದ! ನಾಡದ್ದ ರೋಣದಾಗ ಸಂಘಗಳ ಸಮಾವೇಶ ಐತಿ. ಸಾವ್ಕಾರ್ರ, ಇವ ನನಗ ನೂರಾ ಎಂಬತ್ತ ಬೇಕು. ಚೌಕಾಶಿ ಇಲ್ಲ. ಈಗ ಒಯ್ತೇನಿ."

ಅಟ್ಟದ ಮೇಲೆ ನೂರಾ ಎಂಬತ್ತೊಂಬತ್ತು ನವಿಲುಗಳು ಕುಳಿತಿದ್ದವು. ಎದುರಿಗೆ ಕಳಕವ್ವ ಕುಳಿತಿದ್ದಳು.

"ಖಾಲಿ ಆಗ್ಯಾವ ರಿ ಮೇಡಂ" ಎಂದ, ಅಳು ನುಂಗಿಕೊಂಡು.

"ಮುನಾವರ, ಮ್ಯಾಲಿನ ಗಂಟಿನ್ಯಾಗ..." ಎಂದು ತೋಟಪ್ಪ ಉಪಕಾರಕ್ಕೆ ಬಾಯಿ ಹಾಕಿದ.

"ಅದು ಪರದಿ ಬಟ್ಟಿ!" ಎಂದು ಮುನಾವರ ಚೀರಿದ.

"ತರಸಿ ಕೊಡ್ರಿ ಮತ್ತ" ಎಂದರು ಮೇಡಂ.

"ತಯಾರ ಮಾಡೂದ ಬಂದ್ ಆಗೇತ್ರಿ."

ಮೇಡಂ ನಿಟ್ಟುಸಿರು ಬಿಟ್ಟು ಎದುರಿನ ಮೈಲಾರಪ್ಪನ ಅಂಗಡಿಗೆ ನಡೆದರು. ಜೀವಮಾನದಲ್ಲಿ ಬಂದ ಅತಿ ದೊಡ್ಡ ಗಿರಾಕಿ ರಸ್ತೆ ದಾಟುವುದನ್ನು ಮುನಾವರ ಕಣ್ತುಂಬ ನೋಡಿದ. ಹೋಗಲಿ, ಜವಳಿಯಾದರೂ ಉಳಿಯಿತಲ್ಲ ಎಂದು ಸಮಾಧಾನ ತಂದುಕೊಂಡ.

ಕಳಕವ್ವ ಚಹಾ ಮುಗಿಸಿ ಕಪ್ಪು ಕೆಳಗಿಟ್ಟಳು. "ಅಂದ್ರ ಈ ಸೀರಿ ಎಲ್ಲೂ ಸಿಗಾಂಗಿಲ್ಲ?"

"ಎಲ್ಲೂ ಸಿಗಾಂಗಿಲ್ಲ ರಿ ಅವ್ವಾರ."

ಅವಳು ಎದ್ದು ಬಂದು ಅವನ ಕಿವಿಯ ಹತ್ತಿರ ಬಾಗಿದಳು. "ಕೊನೇ ಪೀಸ್ ರಿ ಸಾವ್ಕಾರ್ರ. ನಿಮಗಂತ ತಂದೇವಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಹನ್ನೊಂದು ಸೀರೆ ಗಲ್ಲಾಪೆಟ್ಟಿಗೆಯ ಮೇಲೆ ದಪದಪನೆ ಬಿದ್ದವು. ಮಾರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಗೋಡೆಯ ಬೋರ್ಡನ್ನು ಮುನಾವರ ಬೆರಳು ಮಾಡಿ ತೋರಿಸಿದ.

"ವಾಪಸ್ ಯಾರ ಕೊಡಾಕತ್ಯಾರೋ ತಮ್ಮಾ? ನಾವು ಮಾರಾಕ ಬಂದೇವಿ. ಸಿಗಲಾರದ ಮಾಲು, ಕೊಂಡ ರೇಟಿಗಿ ಹ್ಯಾಂಗ ಕೊಡೂಣು? ಒಂದೊಂದಕ್ಕ ಐವತ್ತ ಹೆಚ್ಚಿಗಿ ಹಾಕು. ಬ್ಯಾಡಂದ್ರ ಆ ಮೇಡಂ ಇನ್ನೂ ಅಲ್ಲೇ ಅದಾರ, ಅವರಿಗಿ ಕೊಡ್ತೇವಿ."

ಒಲ್ಲೆ ಎಂದರೆ ಗಜದಾಣೆ ಸುಳ್ಳಾಗುತ್ತದೆ, ಗುರುವಾರ ಕೈಬಿಡುತ್ತದೆ. ಮುನಾವರ ತಾನೇ ಮಾರಿದ ಸೀರೆಗಳನ್ನು ತಾನೇ ಹೆಚ್ಚಿನ ದರಕ್ಕೆ ಕೊಂಡುಕೊಂಡ. ಆಮೇಲೆ ಹಲ್ಲು ಕಿರಿದು ಕೇಳಿದ:

"ಗುರುವಾರ ಜವಳಿಗಿ ಎಷ್ಟೊತ್ತಿಗಿ ಬರ್ತೀರಿ ಅವ್ವಾರ?"

"ಜವಳಿಗಿ ನೂರ ಸೀರಿ ಬೇಕೋ ತಮ್ಮಾ. ನಿನ್ನಲ್ಲಿ ನೋಡಿದ್ರ ಎಲ್ಲಾ ಒಂದೊಂದ ಪೀಸ ಉಳದಾವು. ಸುಳ್ಳ ನಿನಗ್ಯಾಕ ತ್ರಾಸ? ಮೈಲಾರಪ್ಪನ ಅಂಗಡ್ಯಾಗ ತಗೀತೇವಿ."

ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಕಡೆಗೆ ಉಳಿದ ಕಳಕವ್ವ ಹೊಸ್ತಿಲಲ್ಲಿ ನಿಂತು ಅಟ್ಟದ ಕಡೆ ಕತ್ತೆತ್ತಿದಳು. ಗಂಟಿನ ಬಾಯಿಂದ ಗೇಣುದ್ದ ಹಸಿರು ಸೆರಗು ಜೋತುಬಿದ್ದಿತ್ತು, ನವಿಲಿನ ಸಮೇತ.

"ಪರದಿ ಬಟ್ಟಿ ಭಾಳ ಚಲೋ ಐತಿ" ಎಂದಳು. "ಅದೂ ಕೊನೇ ಪೀಸೇನು?"