ಹನ್ನೆರಡು ವೋಲ್ಟಿನ ಅಣ್ಣ

ಬಾಯಿ ಬಿಡಬೇಕಾದ ಹೊತ್ತಿನಲ್ಲಿ ನಾನು ಬಿಡಲಿಲ್ಲ. ಹಾಗಾಗಿ ನಾಗಪುರದ ನಮ್ಮ ಬಿಲ್ಡಿಂಗಿನಲ್ಲಿ ಅಣ್ಣ ಹುಚ್ಚನೆನಿಸಿಕೊಂಡ. ಮೊದಲು ಹುಚ್ಚನಾಗಿರಲಿಲ್ಲವೇ? ಇದ್ದ, ಆದರೆ ಅದು ಮನೆಯೊಳಗಿನ ಮಾತಾಗಿತ್ತು!

ಅವನಿಗೆ ಬುಟಿಬೋರಿಯ ಕಾರ್ಖಾನೆಯಲ್ಲಿ ಸರ್ಕ್ಯೂಟ್ ರಿಪೇರಿ ಕೆಲಸ. ಹೆಣ್ಣು ನೋಡಲು ಹೋದಾಗ ಹುಡುಗಿಗೆ ಕೇಳಿದ ಒಂದೇ ಪ್ರಶ್ನೆ: "ನಿಮ್ಮನ್ಯಾಗ ಕೂಲರ್ ಚಾಲೂ ಮಾಡಿದ್ರ ಟಿವಿ ಗರಗರ ಅಂತೈತೇನ್ರಿ?" ಹುಡುಗಿ ಎದ್ದು ಒಳಗೆ ಹೋದಳು. ಇವನು ಉತ್ತರಕ್ಕೆ ಕಾಯುತ್ತಾ ಇನ್ನೊಂದು ತಟ್ಟೆ ಪೋಹೆ ತಿಂದ!

ಈ ಬೇಸಿಗೆಯಲ್ಲಿ ಬಿಲ್ಡಿಂಗಿನ ನೀರಿನ ಟ್ಯಾಂಕ್ ತುಂಬಿದರೆ ಬಾರಿಸುವ ಗಂಟೆಯೊಂದನ್ನು ಮಾಡಿ, ಅದರ ಡಬ್ಬಿಯನ್ನು ನಮ್ಮ ಬಾಗಿಲ ಪಕ್ಕ ಕೂರಿಸಿದ. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೂ ತಿಳಿಯುವಂತೆ ಹೇಳಿದ: "ತಂಗಿ, ಇದಕ್ಕ ಗೊತ್ತಿರೋದು ಹೌದು, ಅಲ್ಲ, ಎರಡ ಮಾತು. ಹನ್ನೆರಡು ವೋಲ್ಟ್ ಕೊಟ್ರ ಎರಡರ ನಡುವ ಅಂಗಳದಷ್ಟು ಜಾಗಾ. ಐದು ಕೊಟ್ರೂ ನಡೀತೈತಿ, ಆದ್ರ ಬರೇ ಹೊಸ್ತಿಲದಷ್ಟು. ಕೂಲರ್ ಮೋಟಾರಿನ ಗದ್ಲ ಜಿಗಿದು ಒಳಗ ಬಂದು ಅಲ್ಲ ಅನ್ನೋದನ್ನ ಹೌದು ಮಾಡತೈತಿ." ತಲೆಯಾಡಿಸಿದೆ. ತಲೆಯಾಡಿಸಲು ಶಾಲೆ ಬೇಕೇ?

ನಾನು ನೋಡುವ ಧಾರಾವಾಹಿಯಲ್ಲಿ ಮದುವೆ ನಡೆಯುವ ದಿನವೇ ಟಿವಿ ಬಾಕ್ಸಿನ ಅಡಾಪ್ಟರ್ ಸುಟ್ಟಿತು. ಗಂಟೆಯದನ್ನು ಕಿತ್ತು ಟಿವಿಗೆ ಹಾಕಿದೆ. ಕಪಾಟಿನಲ್ಲಿದ್ದ ಹಳೆಯದನ್ನು ಗಂಟೆಗೆ ಸಿಕ್ಕಿಸಿದೆ. ಎರಡೂ ಕಪ್ಪು, ಪಿನ್ನೂ ಒಂದೇ. ಅವಳಿ ಮಕ್ಕಳಂತಿದ್ದವು!

ಮರುದಿನ ಕೆಳಮನೆಯವರು ಕೂಲರ್ ಹಾಕಿದರು. ಗಂಟೆ! ಎದುರುಮನೆಯವರು ಹಾಕಿದರು. ಗಂಟೆ! ಬಿಲ್ಡಿಂಗಿನ ಸೆಕ್ರೆಟರಿ ಕಾಕಾ ಮುಖದ ಸೋಪಿನೊಂದಿಗೆ ಟವೆಲ್ಲಿನಲ್ಲೇ ಓಡಿ ಪಂಪ್ ನಿಲ್ಲಿಸಿದರು. ಟ್ಯಾಂಕಿನಲ್ಲಿ ಒಂದು ಬಕೆಟ್ ನೀರೂ ಇಲ್ಲ!

"ಭಾವು, ಘಂಟೀ ವೇಡೀ, ಕೀ ತುಮೀ?" ಹುಚ್ಚು ಗಂಟೆಗೋ ನಿಮಗೋ ಎಂದು ಅವರು ಅಣ್ಣನನ್ನು ಕೇಳಿದಾಗ ಎಲ್ಲರೂ ನಕ್ಕರು. ನನಗೆ ಐದು ವೋಲ್ಟಿನ ಮಾತು ನೆನಪಾಯಿತು; ನಾನು ಸಿಕ್ಕಿಸಿದ ಹಳೆಯ ಅಡಾಪ್ಟರ್ ಐದರದೇ ಇರಬೇಕು. ಆದರೂ ನಕ್ಕೆ.

ಅಣ್ಣ ಡಬ್ಬಿಯನ್ನಷ್ಟೇ ಕಾರ್ಖಾನೆಗೆ ಒಯ್ದು ಪರೀಕ್ಷಿಸಿದ. ಅಲ್ಲಿನ ಹನ್ನೆರಡು ವೋಲ್ಟಿನಲ್ಲಿ ಅದು ಸಾಧು. ಮನೆಗೆ ತಂದರೆ ಮತ್ತೆ ಹುಚ್ಚು. ಅವನು ಮಾತು ಕಡಿಮೆ ಮಾಡಿದ. ಮಿಕ್ಸರ್ ರಿಪೇರಿಗೆ ತಂದ ನೆರೆಯವರನ್ನು ಅಂಗಡಿಗೆ ಕಳಿಸಿದ.

ಭಾನುವಾರ ಕಾಕಾ, ನೆರೆಯವರೆಲ್ಲ ನೋಡುತ್ತಿದ್ದಂತೆ ಅಣ್ಣ ತಾನೇ ಡಬ್ಬಿಯನ್ನು ಕಿತ್ತುಹಾಕಲು ಸ್ಕ್ರೂ ಬಿಚ್ಚತೊಡಗಿದ. "ಹಿಡಿ, ತಂಗಿ. ಇಷ್ಟು ವರ್ಷ ಏನ್ ಕಲಿತೆನೋ, ನನ್ನ ಮ್ಯಾಲೆ ನನಗ ನಂಬಿಗಿ ಹೋಗೇತಿ."

ನಾನು ಡಬ್ಬಿ ಹಿಡಿಯಲಿಲ್ಲ. ತಪ್ಪು ನನ್ನದೆಂದು ಮೊದಲು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಕೂಗಿದೆ. ಆಮೇಲೆ ಅವನ ಕೈ ಹಿಡಿದು ನಮ್ಮ ಮಾತಿನಲ್ಲಿ ಹೇಳಿದೆ:

"ಅಣ್ಣಾ, ನಿನ್ನ ಲೆಕ್ಕ ಬರೋಬರ್ ಐತಿ. ಅಡಾಪ್ಟರ್ ಬದಲಿ ಮಾಡಿದಾಕಿ ನಾನು. ಗೊತ್ತಿದ್ದೂ ಅವರ ಜೋಡಿ ನಕ್ಕೆ. ತಪ್ಪಾತು, ಅಣ್ಣಾ."