ಗೆರೆಯ ಎರಡೂ ಕಡೆ ನಾನೇ

ಅಕ್ಷರ ದುಂಡಗಿದ್ದವನಿಗೆ ನಿವೃತ್ತಿ ಎಂಬುದಿಲ್ಲ. ನಾನು ಮೇಷ್ಟ್ರ ಕೆಲಸ ಬಿಟ್ಟು ಐದು ವರ್ಷವಾದರೂ ಊರಿನ ಅರ್ಜಿಗಳೆಲ್ಲ ಇವತ್ತಿಗೂ ನಮ್ಮ ಜಗಲಿಯಲ್ಲೇ ಹುಟ್ಟುತ್ತವೆ. ವೃದ್ಧಾಪ್ಯ ವೇತನ, ಜಮೀನು ಪಾಲಿನ ಪೋಡಿ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್, ಪಕ್ಕದವನ ತೆಂಗಿನಗರಿ ತಮ್ಮ ಚಾವಣಿಗೆ ಬಿದ್ದ ದೂರು, ಎಲ್ಲಕ್ಕೂ ನಾನೇ. ಬೇರೆಯವರಾದರೆ ಆಗೋದಿಲ್ಲ ಹೋಗಯ್ಯ ಅನ್ನುತ್ತಿದ್ದರು. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ಇದನ್ನು ಒಳ್ಳೆಯತನ ಎಂದು ಬಹಳ ಕಾಲ ನಂಬಿದ್ದೆ. ನನ್ನ ಹೆಂಡತಿ ಜಯಮ್ಮ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಇಲ್ಲಿ ಬರೆಯುವಂಥದ್ದಲ್ಲ.

ಈ ಸಲದ ತಲೆನೋವು ಒಂದು ನಕ್ಷೆಯದು. ಬಿಡದಿ ಬೆಳೆದೂ ಬೆಳೆದೂ ಕಾರ್ಖಾನೆಗಳಿಗೆ ಜಾಗ ಸಾಲದೆ, ನಗರದ ಎಲ್ಲೆಯನ್ನು ನಮ್ಮೂರಿನ ಆಚೆಗೆ ಎಳೆಯುವ ಯೋಜನೆ ಹಾಕಿದರು. ಪಂಚಾಯಿತಿ ಗೋಡೆಗೆ ಬಣ್ಣದ ನಕ್ಷೆ ಬಂತು. ಹಸಿರಿದ್ದ ಕಡೆ ಹೊಲ ಹೊಲವಾಗಿಯೇ ಇರುತ್ತದೆ, ನೇರಳೆ ಬಣ್ಣ ಬಿದ್ದ ಕಡೆ ಕೈಗಾರಿಕೆ. ಜಯಮ್ಮನ ಅರ್ಧ ಎಕರೆ ರೇಷ್ಮೆ ಸೊಪ್ಪಿನ ತೋಟ, ಅದರ ಅಂಚಿನಲ್ಲಿ ರೇಷ್ಮೆಹುಳು ಸಾಕುವ ಹುಳುಮನೆ, ಎರಡಕ್ಕೂ ನೇರಳೆ ಬಳಿದಿದ್ದರು. ಆ ತೋಟ ಅವಳಿಗೆ ತವರಿನಿಂದ ಬಂದದ್ದು. ನಿಜ ಹೇಳಬೇಕೆಂದರೆ ನನ್ನ ಸಂಬಳಕ್ಕಿಂತ ಅವಳ ರೇಷ್ಮೆಗೂಡೇ ನಮ್ಮ ಮನೆಯನ್ನು ಹೆಚ್ಚು ಸಾಕಿದೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕೆಂದು ನಕ್ಷೆಯ ಕೆಳಗೆ ಅಚ್ಚಾಗಿತ್ತು. ನೋಡಿದವಳೇ ಮನೆಗೆ ಬಂದು, ಮೊದಲು ನಮ್ಮದು ಬರೆಯಿರಿ ಎಂದಳು. ಬರೆದರಾಯಿತು ಎಂದೆ.

ಅಷ್ಟರಲ್ಲಿ ಪಕ್ಕದ ಹೊಲದ ಸಿದ್ದೇಗೌಡ ಬಂದ. ಅವನಿಗೆ ಎಲ್ಲೆಯ ಹೊರಗೇ ಇರಬೇಕು. ಫ್ಯಾಕ್ಟರಿ ಗೇಟಿಗೆ ಹಸು ಕಟ್ಟಲಾ ಅಂತ ನನ್ನನ್ನೇ ದಬಾಯಿಸಿದ. ಭೂಮಿತಾಯಿ, ಅನ್ನದಾತ ಎಲ್ಲ ಸೇರಿಸಿ ಬರೆದುಕೊಟ್ಟೆ. ಅವನು ಮೆಟ್ಟಿಲಿಳಿಯುವಾಗ ಪುಟ್ಟಸ್ವಾಮಿ ಹತ್ತಿದ. ಒಂದೇ ಒಂದು ಬದುವಿನ ಅಂತರದಲ್ಲಿ ಅವನ ಜಮೀನು ಹಸಿರಲ್ಲೇ ಉಳಿದುಬಿಟ್ಟಿತ್ತು. ಕಲ್ಲು ನೆಲ, ಹುರುಳಿ ಕೂಡ ನೆಟ್ಟಗೆ ಬರದು. "ನಮ್ಮನ್ನೂ ಒಳಕ್ಕೆ ಸೇರಿಸ್ಕಳಿ ಅಂತ ಒಸಿ ಬಿಗಿಯಾಗಿ ಬರೀರಿ ಮೇಷ್ಟ್ರೇ" ಅಂದ. ಅದನ್ನೂ ಬಿಗಿಯಾಗಿ ಬರೆದೆ. ಒಂದು ತಿಂಗಳು ಇದೇ ಪಾಡು. ಬೆಳಿಗ್ಗೆ ಕೈಗಾರಿಕೆಯೇ ಶಾಪ, ಮಧ್ಯಾಹ್ನ ಕೈಗಾರಿಕೆಯೇ ಉದ್ಧಾರ. ಸುಳ್ಳು ಬರೆದಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ. ಬರೆಯುವಾಗ ಪ್ರತಿಯೊಬ್ಬರ ಮಾತೂ ನನಗೆ ಸರಿ ಅನ್ನಿಸುತ್ತಿತ್ತು, ಅದೇ ಕಷ್ಟ.

ನಡುವೆ ಅಳತೆಯವರು ಬಂದರು. ಹುಳು ಇರುವಾಗ ಹೊರಗಿನವರನ್ನು ಹುಳುಮನೆಯೊಳಗೆ ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ. ಜಯಮ್ಮ ಬಾಗಿಲಿಗೆ ಅಡ್ಡ ನಿಂತು, ಹುಳ ಗೂಡು ಕಟ್ಟಿದ ಮೇಲೆ ಬನ್ನಿ ಎಂದಳು. ಅವರು ಎದುರಾಡದೆ ಹೊರಟರು. ನಾನು ಮಾತ್ರ ಅವರು ಬೇಜಾರಾದರೇನೋ ಎಂದು ಜಗಲಿಗೆ ಕರೆದು ಟೀ ಕುಡಿಸಿದೆ.

ಕೊನೆಯ ದಿನ ನಮ್ಮ ಅರ್ಜಿಗೆ ಕೂತೆ. ಅವತ್ತೇ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟು ಜಯಮ್ಮನಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಓಡಿಬಂದು ಸಹಿ ಹಾಕಿ ಓಡಿದಳು, ಓದಲಿಲ್ಲ. ಮೇಷ್ಟ್ರು ಬರೆದದ್ದಲ್ಲವೇ. ಎಲ್ಲರ ಅರ್ಜಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ರಾಮನಗರದ ಕಚೇರಿಗೆ ಕೊಟ್ಟು ಬಂದೆ.

ಕೆಲವು ವಾರದ ಮೇಲೆ ವಿಚಾರಣೆಗೆ ಕರೆ ಬಂತು, ಇಡೀ ಊರಿನಲ್ಲಿ ನನ್ನೊಬ್ಬನಿಗೇ. ಜಯಮ್ಮನೂ ಜೊತೆಗೆ ಹೊರಟಳು. ಅಧಿಕಾರಿ ಅರ್ಜಿಗಳ ರಾಶಿ ತೋರಿಸಿ, ಎಲ್ಲವೂ ಒಂದೇ ಕೈಬರಹ, ಅರ್ಧ ಸೇರಿಸಿ ಅನ್ನುತ್ತವೆ, ಅರ್ಧ ಬಿಡಿ ಅನ್ನುತ್ತವೆ, ಯಾರೋ ಒಬ್ಬರದೇ ಗೊಂದಲ ಎಂದುಕೊಂಡೆವು ಎಂದರು. ಬೇರೆ ಬೇರೆ ಸಹಿಗಳನ್ನು ತೋರಿಸಿ ಬೆವರಿದೆ. ಒಳ್ಳೆಯ ಮನುಷ್ಯ, ಒಪ್ಪಿಕೊಂಡರು. ಒಂದೊಂದಕ್ಕೂ ನನ್ನನ್ನು ಕೇಳಿಕೊಂಡು ಒಳಗೆ ಬರುವವರದೊಂದು ಕಟ್ಟು, ಹೊರಗಿರುವವರದೊಂದು ಕಟ್ಟು ಮಾಡತೊಡಗಿದರು. ಕೊನೆಗೆ ಒಂದು ಕಾಗದ ಅವರ ಕೈಯಲ್ಲೇ ಉಳಿಯಿತು. ಎರಡು ಸಲ ಓದಿ, ಇದು ಯಾವ ಕಟ್ಟಿಗೆ ಎಂದು ಕೇಳಿದರು.

ಅದು ನಮ್ಮದು. ಬಿಡಿ ಅಂದರೆ ಪುಟ್ಟಸ್ವಾಮಿ ಮುನಿಸಿಕೊಳ್ಳುತ್ತಾನೆ, ಸೇರಿಸಿ ಅಂದರೆ ಸಿದ್ದೇಗೌಡ ಮಾತು ಬಿಡುತ್ತಾನೆ ಎಂದು ಹೆದರಿ, ತೋಟದ ಉದ್ದಗಲವನ್ನೆಲ್ಲ ಸೊಗಸಾಗಿ ವರ್ಣಿಸಿ, ತಾವು ಸೂಕ್ತವೆಂದು ಕಂಡ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ ಎಂದು ಮುಗಿಸಿದ್ದೆ. ಜಯಮ್ಮ ಕಾಗದ ಇಸಿದುಕೊಂಡು ನಿಧಾನವಾಗಿ ಓದಿದಳು. ನನಗೆ ನಾಚಿಕೆಯಾಯಿತು.

"ಊರೋರ್ಗೆಲ್ಲ ಬಾಯಾದ್ರಿ" ಅಂದಳು. "ನನ್ ತೋಟ ಬುಟ್ಬುಡಿ ಅಂತ ಒಂದ್ ಮಾತು ಬರಿಯಕ್ಕಾಗ್ನಿಲ್ವಾ?"

ಅಧಿಕಾರಿಯ ಪೆನ್ನು ಕೇಳಿ ಪಡೆದು, ನನ್ನ ಪ್ರಾರ್ಥನೆಯ ಮೇಲೆ ಗೀಟು ಹಾಕಿ, ಕೆಳಗೆ ಸೊಟ್ಟಸೊಟ್ಟಾಗಿ ಒಂದು ಸಾಲು ಬರೆದಳು. ತೋಟ ಉಳಿಯುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಆದರೆ ಆ ರಾಶಿಯಲ್ಲಿ ನಾನು ಬರೆಯದ ಸಾಲು ಅದೊಂದೇ, ಅಧಿಕಾರಿ ನನ್ನನ್ನು ಏನೂ ಕೇಳದೆ ಹೊರಗಿರುವವರ ಕಟ್ಟಿಗೆ ಸೇರಿಸಿದ್ದೂ ಅದೊಂದನ್ನೇ.