ಹೋಮ್‌ವರ್ಕಿಗೆ ಹಿಡಿದ ಸ್ಟಾಪ್‌ವಾಚು

ಸೋಮವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಸೆಕೆಂಡಪ್ಪನವರು ಅಡುಗೆಮನೆಯ ಸ್ಟೂಲು ತಂದು, ಊಟದ ಮೇಜಿನಿಂದ ಆರಡಿ ದೂರದಲ್ಲಿ, ಮಗಳ ಎಡಭುಜದ ಹಿಂದೆ ಹಾಕಿಕೊಂಡು ಕೂತರು. ತೊಡೆಯ ಮೇಲೆ ಕ್ಲಿಪ್ ಹಚ್ಚಿದ ರಟ್ಟು, ರಟ್ಟಿನ ಮೂಲೆಯಲ್ಲಿ ಸ್ಟಾಪ್‌ವಾಚು, ಕಿವಿಯ ಮೇಲೆ ಪೆನ್ಸಿಲು. ಏಳನೇ ತರಗತಿಯ ಮಗಳು ಗಣಿತದ ಪುಸ್ತಕ ತೆರೆದಳು. ಅವರು ಗುಂಡಿ ಒತ್ತಿದರು.

ಸೆಕೆಂಡಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವರು ಬೆನ್ನ ಹಿಂದೆ ಇಟ್ಟದ್ದು. ಹತ್ತೊಂಬತ್ತು ವರ್ಷಗಳಲ್ಲಿ ಅದು ಬೆನ್ನು ಬಳಸಿ ಮುಂದಕ್ಕೆ ಬಂದು, ಈಗ ಮನೆಯಲ್ಲೂ ಚಲಾವಣೆಯಲ್ಲಿದೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದೇ ಅವರ ಉದ್ಯೋಗ. ಡಬ್ಬಿಯ ಮುಚ್ಚಳ ಒತ್ತುವುದಕ್ಕೆ ನಾಲ್ಕು ಸೆಕೆಂಡು ಸಾಕು, ಐದನೆಯದು ಕೆಲಸಗಾರ ಡಬ್ಬಿ ಎತ್ತಿಕೊಳ್ಳಲು ಬಗ್ಗುವುದರಿಂದ ಆಗುವ ನಷ್ಟ ಎಂದು ಕಂಡುಹಿಡಿದು, ಡಬ್ಬಿಗಳ ರಾಶಿಯನ್ನು ಒಂದು ಗೇಣು ಎತ್ತರಿಸಿದವರು ಅವರೇ. ಈ ಸಾಧನೆಯನ್ನು ಮನೆಗೆ ಬಂದ ನೆಂಟರೆಲ್ಲರೂ ಕೇಳಿದ್ದಾರೆ. ಕೆಲವರು ಎರಡು ಸಲ.

ಅಂಥವರ ಮನೆಯಲ್ಲಿ ಮಗಳ ಹೋಮ್‌ವರ್ಕಿಗೆ ದಿನಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತು. ತರಗತಿಯ ಟೀಚರು ಐವತ್ತು ನಿಮಿಷದ ಕೆಲಸ ಎನ್ನುತ್ತಿದ್ದರು. ಉಳಿದ ಒಂದು ಗಂಟೆ ನಲವತ್ತು ನಿಮಿಷ ಎಲ್ಲಿಗೆ ಹೋಗುತ್ತಿದೆ ಎಂಬುದು ಸೆಕೆಂಡಪ್ಪನವರಿಗೆ ವೃತ್ತಿಯ ಮರ್ಯಾದೆಯ ಪ್ರಶ್ನೆಯಾಯಿತು.

ಮಗಳಿಗೆ ಅದು ವಾಲಿಬಾಲಿನ ಪ್ರಶ್ನೆ. ಶಾಲೆಯ ತಂಡಕ್ಕೆ ಅವಳನ್ನು ಆರಿಸಿದ್ದರು. ಅಭ್ಯಾಸ ದಿನಾ ಸಂಜೆ ಆರರಿಂದ ಏಳು. ಮನೆಯವರ ಒಪ್ಪಿಗೆಪತ್ರ ಶುಕ್ರವಾರ ಆರು ಗಂಟೆಯೊಳಗೆ ತರಬೇತುದಾರರ ಕೈ ಸೇರಬೇಕು, ಇಲ್ಲದಿದ್ದರೆ ಅವಳ ಜಾಗ ಇನ್ನೊಬ್ಬಳಿಗೆ. ಪತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಕಾಯುತ್ತಿತ್ತು. ಅಮ್ಮನ ಸಹಿ ಅದರ ಮೇಲೆ ಮೊದಲ ದಿನವೇ ಬಿದ್ದಿತ್ತು. ಅಪ್ಪನ ಸಹಿಗೆ ಷರತ್ತು ಒಂದೇ: ಈ ವಾರ ಒಂದು ದಿನವಾದರೂ ಆರರೊಳಗೆ ಹೋಮ್‌ವರ್ಕ್ ಮುಗಿಸಿ ತೋರಿಸಬೇಕು.

ಹೆಂಡತಿ ಔಷಧದಂಗಡಿಯಲ್ಲಿ ಫಾರ್ಮಸಿಸ್ಟು, ಮನೆಗೆ ಬರುವುದು ಏಳೂವರೆಗೆ. ಸ್ಟೂಲಿನ ಯೋಜನೆಯನ್ನು ಅವಳು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಕೇಳಿಸಿಕೊಂಡು, "ರೀ, ಬಿಸ್ಕತ್ತು ಅಳೆದ ಹಾಗೆ ಮಗೂನ ಅಳೀಬೇಡಿ" ಎಂದಷ್ಟೇ ಹೇಳಿದ್ದಳು. ತಾನು ಅಳೆಯುವುದು ಬಿಸ್ಕತ್ತನ್ನಲ್ಲ, ಬಿಸ್ಕತ್ತು ತುಂಬುವ ಕ್ರಿಯೆಯನ್ನು ಎಂದು ಸೆಕೆಂಡಪ್ಪನವರು ತಿದ್ದುವಷ್ಟರಲ್ಲಿ ಅವಳ ಬಸ್ಸು ತಿರುವು ದಾಟಿತ್ತು.

ಕಾರ್ಖಾನೆಯ ಅಳತೆಗೆ ಕಟ್ಟುನಿಟ್ಟಾದ ನಿಯಮಗಳಿವೆ. ಅಳೆಯುವವನು ಕೆಲಸಗಾರನ ಕಣ್ಣಿಗೆ ಬೀಳಬಾರದು, ಬಾಯಿ ಬಿಡಬಾರದು. ಕೆಲಸ ನಿಂತಾಗಲೆಲ್ಲ ಎಷ್ಟು ಹೊತ್ತು ನಿಂತಿತು, ಯಾರಿಂದ ನಿಂತಿತು ಎಂದು ಬರೆಯಬೇಕು. ಬರೆದದ್ದನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ, ಕೊನೆಗೆ ಅದರ ಕೆಳಗೆ ಎಲ್ಲರೂ ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದಲ್ಲಿ ಸೆಕೆಂಡಪ್ಪನವರು ಒಂದು ಹಾಳೆಯನ್ನೂ ಹರಿದವರಲ್ಲ, ಪ್ಯಾಕಿಂಗ್ ಸಾಲಿನಲ್ಲಿ ಒಂದು ಮಾತನ್ನೂ ಆಡಿದವರಲ್ಲ.

ಮನೆಯಲ್ಲಿ ಏಳನೇ ನಿಮಿಷಕ್ಕೆ ಬಾಯಿ ಬಿಟ್ಟರು. ಮಗಳು ಬರೆದ ಏಳು ಒಂದರ ಹಾಗೆ ಕಾಣುತ್ತಿದೆ ಎಂದರು. ಹದಿನೈದನೇ ನಿಮಿಷಕ್ಕೆ ಬೆನ್ನು ನೆಟ್ಟಗಿರಲಿ ಎಂದರು. ಇಪ್ಪತ್ತೊಂದಕ್ಕೆ ನೀರು ಬೇಕೇ ಎಂದು ಕೇಳಿದರು, ಬೇಡ ಎಂದದ್ದಕ್ಕೆ ನೀರು ಕುಡಿಯದಿದ್ದರೆ ಮೆದುಳಿಗೆ ಏನಾಗುತ್ತದೆ ಎಂದು ವಿವರಿಸಿದರು. (ಇವನ್ನು ಅವರು ಅಡಚಣೆಯ ಕಾಲಮಿನಲ್ಲಿ ಬರೆಯಲಿಲ್ಲ. ಇವು ಮಾರ್ಗದರ್ಶನ.) ಆ ದಿನ ಹೋಮ್‌ವರ್ಕಿಗೆ ಎರಡು ಗಂಟೆ ನಲವತ್ತು ನಿಮಿಷವಾಯಿತು.

ಮಂಗಳವಾರ ಸುಧಾರಣೆ ಶುರುವಾಯಿತು. ಬೆಳಕು ಎಡಗಡೆಯಿಂದ ಬೀಳಲೆಂದು ಮೇಜನ್ನು ತಿರುಗಿಸಿದರು. ಪೆನ್ಸಿಲುಗಳನ್ನು ಕೆತ್ತಿ, ಕೈ ಚಾಚಿದರೆ ಸಿಗುವಂತೆ ಸಾಲಾಗಿ ಜೋಡಿಸಿದರು. ರಬ್ಬರು ಉರುಳಿ ಬೀಳದಂತೆ ಅದಕ್ಕೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದರು. ಇಷ್ಟೆಲ್ಲ ಮಾಡುವಾಗ ಮಗಳು ಪುಸ್ತಕ ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಎರಡು ಗಂಟೆ ಐವತ್ತೈದು ನಿಮಿಷ. ಬುಧವಾರ ಕಿಟಕಿಗೆ ಹಳೆಯ ಬೆಡ್‌ಶೀಟು ಏರಿತು, ಗೋಡೆಯ ಮೇಲೆ ಮೂರು ಬಣ್ಣದ ಪ್ರಗತಿ ನಕ್ಷೆ ಬಂತು. ಪ್ರತಿ ಲೆಕ್ಕ ಮುಗಿದಾಗಲೂ ಮಗಳು ಎದ್ದು ಹೋಗಿ ನಕ್ಷೆಯಲ್ಲಿ ಒಂದು ಚೌಕಕ್ಕೆ ಬಣ್ಣ ತುಂಬಬೇಕು. ಅದರಿಂದ ಉತ್ಸಾಹ ಹೆಚ್ಚುತ್ತದೆ. ಮೂರು ಗಂಟೆ ಇಪ್ಪತ್ತು ನಿಮಿಷ.

ಬುಧವಾರ ಊಟಕ್ಕೆ ಕೂತಾಗ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಅಪ್ಪಾ, ನೀನು ಹಿಂದೆ ಕೂತ್ರೆ ನಂಗೆ ಲೆಕ್ಕ ಕಾಣ್ಸಲ್ಲ, ನೀನೇ ಕಾಣ್ಸ್ತೀಯ."

ಹಿಂದೆ ಕೂತವನು ಕಾಣಿಸುವುದು ಸಾಧ್ಯವಿಲ್ಲ ಎಂದು ಸೆಕೆಂಡಪ್ಪನವರು ಶಾಂತವಾಗಿ ವಿವರಿಸಿದರು. ಮಗಳು ಫ್ರಿಜ್ಜಿನ ಬಾಗಿಲ ಕಡೆ ಒಮ್ಮೆ ನೋಡಿ, ತಟ್ಟೆ ಎತ್ತಿಕೊಂಡು ಹೋದಳು.

ಗುರುವಾರ ಕಾರ್ಖಾನೆಯಲ್ಲಿ ಮ್ಯಾನೇಜರು ಅವರನ್ನು ಕರೆದು ವರದಿ ಎಲ್ಲಿ ಎಂದು ಕೇಳಿದರು. ಆರು ತಿಂಗಳ ಅಳತೆಗಳನ್ನೆಲ್ಲ ಸೇರಿಸಿ ಎಂಟು ಪುಟದ ವರದಿ ಬರೆಯಬೇಕಿತ್ತು. ಹನ್ನೊಂದು ದಿನಗಳಿಂದ ಅದು ಸೆಕೆಂಡಪ್ಪನವರ ಚೀಲದಲ್ಲಿ ದಿನಾ ಮನೆಗೆ ಬಂದು, ಗಾಳಿ ಸೇವಿಸಿ, ದಿನಾ ವಾಪಸು ಹೋಗುತ್ತಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲಿರಬೇಕು ಎಂದರು ಮ್ಯಾನೇಜರು.

ಹೀಗಾಗಿ ಗುರುವಾರ ಸಂಜೆ ಸ್ಟೂಲಿನ ಮೇಲೆ ಕೂರಲು ಬೇರೊಬ್ಬರು ಬೇಕಾದರು. ಮನೆಯಲ್ಲಿ ಇದ್ದವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರು ಯಾರಿಗೆ ಕರೆ ಮಾಡಿದರು, ಎಷ್ಟು ನಿಮಿಷ ಮಾತಾಡಿದರು ಎಂದು ದಿನಕ್ಕೆ ಇನ್ನೂರು ಚೀಟಿ ಬರೆದು ರೂಢಿಯಾದ ಕೈ. ಆಡಿದ ಮಾತು ಮಾತ್ರ ಅವರ ಕಿವಿಯಲ್ಲೇ ಉಳಿದು, ಈವರೆಗೆ ಹೊರಗೆ ಬಂದಿಲ್ಲ. ಅವರಿಗೆ ಸೆಕೆಂಡಪ್ಪನವರು ನಿಯಮಗಳನ್ನು ಎರಡು ಸಲ ಹೇಳಿಕೊಟ್ಟರು. ಮಾತಾಡಬೇಡಿ. ಅಭಿಪ್ರಾಯ ಬರೆಯಬೇಡಿ. ಮೇಜಿನ ಹತ್ತಿರ ಏನೇನು ನಡೆಯುತ್ತದೋ ಅದನ್ನೆಲ್ಲ ಬರೆಯಿರಿ, ನಿಮಿಷದ ಸಮೇತ, ಯಾರಿಂದ ಎಂಬುದರ ಸಮೇತ. ಅತ್ತೆ ತಲೆಯಾಡಿಸಿ, ಕನ್ನಡಕ ಬದಲಿಸಿಕೊಂಡು, ಸ್ಟೂಲು ಏರಿದರು.

ನಾಲ್ಕು ಇಪ್ಪತ್ತಕ್ಕೆ ಮೇಜಿನ ಒಂದು ತುದಿಯಲ್ಲಿ ಮಗಳು ವಿಜ್ಞಾನದ ಪ್ರಶ್ನೆಗಳೊಂದಿಗೆ ಕೂತಳು, ಇನ್ನೊಂದು ತುದಿಯಲ್ಲಿ ಸೆಕೆಂಡಪ್ಪನವರು ವರದಿಯೊಂದಿಗೆ ಕೂತರು. ಏಳು ಇಪ್ಪತ್ತಕ್ಕೆ ಮಗಳು ಪುಸ್ತಕ ಮುಚ್ಚಿದಳು. ಸೆಕೆಂಡಪ್ಪನವರು ಮೈ ಮುರಿದು, ಒಳ್ಳೆಯ ಕೆಲಸವಾಯಿತು ಎಂಬ ತೃಪ್ತಿಯಲ್ಲಿ ರಟ್ಟು ಕೇಳಿದರು.

ಏಳೂವರೆಗೆ ಹೆಂಡತಿ ಒಳಗೆ ಬಂದಾಗ ಗಂಡ ನಿಂತೇ ಓದುತ್ತಿದ್ದರು. ಚೀಲ ಕೆಳಗಿಡದೆ ಅವಳೂ ಪಕ್ಕದಲ್ಲಿ ನಿಂತು ಓದಿದಳು.

ಅತ್ತೆಯ ಅಕ್ಷರ ದುಂಡಗಿತ್ತು. ಹಾಳೆಯ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದರು. ಎಡಕ್ಕೆ ಮೊಮ್ಮಗಳು. ಒಟ್ಟು ನೂರಾ ಎಂಬತ್ತು ನಿಮಿಷ, ಬರೆದದ್ದು ಐವತ್ತೆರಡು. ಕೆಲಸ ನಿಂತದ್ದು ಇಪ್ಪತ್ತಮೂರು ಸಲ. ಅದರಲ್ಲಿ ಆರು ಸಲ ಅವಳಾಗಿಯೇ: ಬೆಡ್‌ಶೀಟಿನ ಅಂಚು ಸರಿಸಿ ಹೊರಗೆ ನೋಡಿದ್ದು, ರಬ್ಬರಿನ ದಾರಕ್ಕೆ ಜಡೆ ಹೆಣೆದದ್ದು, ಇತ್ಯಾದಿ, ಇಪ್ಪತ್ತಾರು ನಿಮಿಷ. ಉಳಿದ ಹದಿನೇಳರ ಮುಂದೆ 'ಕರೆ ಮಾಡಿದವರು' ಎಂಬ ಕಾಲಮಿನಲ್ಲಿ ಒಂದೇ ಪದ ಇತ್ತು: ಅಳಿಯಂದಿರು. ಪ್ರತಿ ಕರೆ ಅರ್ಧ ನಿಮಿಷ. ಕರೆ ಮುಗಿದ ಮೇಲೆ ಬಿಟ್ಟ ಸಾಲು ಮತ್ತೆ ಹಿಡಿಯಲು ಐದೂವರೆ ನಿಮಿಷ. ಒಟ್ಟು ನೂರಾ ಎರಡು.

ಬಲಕ್ಕೆ ಅಳಿಯಂದಿರು. ಅದೇ ನೂರಾ ಎಂಬತ್ತು ನಿಮಿಷ. ವರದಿ ಬರೆದದ್ದು ಹನ್ನೊಂದು. ಹಾಳೆಗಳಿಗೆ ಅಂಚು ಎಳೆದದ್ದು ಇಪ್ಪತ್ತು, ಎರಡು ಬಣ್ಣದಲ್ಲಿ. ಪೆನ್ನಿನಲ್ಲಿ ಬರೆಯುತ್ತಿದ್ದರೂ ಪೆನ್ಸಿಲು ಕೆತ್ತಿದ್ದು ಒಂಬತ್ತು. ಅಡುಗೆಮನೆಗೆ ಏಳು ಪ್ರವಾಸ. ಮೊಬೈಲಿನಲ್ಲಿ ಮಿಕ್ಸಿ ದುರಸ್ತಿಯ ವಿಡಿಯೋ ನೋಡಿದ್ದು ಮೂವತ್ತೆರಡು. ಮನೆಯ ಮಿಕ್ಸಿ ಚೆನ್ನಾಗಿದೆ. ಶೂನ್ಯದಲ್ಲಿ ದೃಷ್ಟಿ ಇಟ್ಟು ಕೂತದ್ದು, ಕೆಲಸವೋ ಬಿಡುವೋ ವಿಂಗಡಿಸಲಾಗಲಿಲ್ಲ.

"ನಾನು ಹೇಳಿದ್ದು ಮಗಳನ್ನ ನೋಡಿ ಅಂತ" ಎಂದರು ಸೆಕೆಂಡಪ್ಪನವರು.

"ಮೇಜಿನ ಹತ್ತಿರ ನಡೆಯೋದನ್ನೆಲ್ಲ ಬರೀರಿ ಅಂದ್ರಿ" ಎಂದರು ಅತ್ತೆ. "ಮೇಜಿಗೆ ಎರಡು ತುದಿ ಇತ್ತು."

ಹೆಂಡತಿ ಚೀಲ ಕೆಳಗಿಟ್ಟು, "ಅಮ್ಮ ಅಭಿಪ್ರಾಯ ಏನೂ ಬರ್ದಿಲ್ಲ ಅಲ್ವಾ ರೀ, ನಿಯಮದ ಪ್ರಕಾರಾನೇ ಇದೆ" ಎಂದಳು.

ಸೆಕೆಂಡಪ್ಪನವರು ಹಾಳೆಯನ್ನು ರಟ್ಟಿನ ಕ್ಲಿಪ್ಪಿನಿಂದ ಬಿಡಿಸಿದರು. ಹರಿಯುವುದು ಕಷ್ಟವಿರಲಿಲ್ಲ, ತೆಳು ಕಾಗದ. ಆದರೆ ಮುಚ್ಚಳ ಒತ್ತುವ ಎಷ್ಟೋ ಜನ ತಮಗೆ ಹಿಡಿಸದ ಇಂಥದೇ ಹಾಳೆಯ ಕೆಳಗೆ ಅವರ ಮುಂದೆ ನಿಂತು ಸಹಿ ಹಾಕಿದ್ದರು. ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಪೆನ್ಸಿಲಿನ ಸಹಿ ನಡೆಯುವುದಿಲ್ಲವೆಂದು ನೆನಪಾಗಿ, ಪೆನ್ನು ಹುಡುಕಿ ಸಹಿ ಹಾಕಿದರು. ಮಗಳೂ ಹಾಕಿದಳು. ಹಾಕುವಾಗ ಮುಖದಲ್ಲಿ ನಗು ಕಾಣದಂತೆ ತುಂಬ ಹೊತ್ತು ಬಗ್ಗಿಯೇ ಇದ್ದಳು.

ಆಮೇಲೆ ಸೆಕೆಂಡಪ್ಪನವರು ತಾವಾಗಿಯೇ, ಪೆನ್ನು ಹಿಡಿದು ಫ್ರಿಜ್ಜಿನ ಕಡೆ ನಡೆದರು. ಅತ್ತೆ ತಡೆದರು. ಷರತ್ತು ಷರತ್ತೇ, ಹುಡುಗಿ ನಾಳೆ ಆರರೊಳಗೆ ಮುಗಿಸಿಯೇ ಸಹಿ ಪಡೆಯಲಿ, ದಯೆಯ ಸಹಿ ಅವಳಿಗೆ ಬೇಡ ಎಂದರು. ಮಗಳು ಅಜ್ಜಿಯ ಮುಖ ನೋಡಿದಳು, ನೋಡಿ ಹೂಂ ಎಂದಳು. ಆದರೆ ಲೈನಿನಲ್ಲಿ ಗದ್ದಲ ಇರಬಾರದು, ಗದ್ದಲದ ಲೈನನ್ನು ಬೇರೆ ಮಾಡಬೇಕು ಎಂದು ಅತ್ತೆ ಸೇರಿಸಿದರು.

ಶುಕ್ರವಾರ ನಾಲ್ಕು ಇಪ್ಪತ್ತಕ್ಕೆ ಮೇಜು ಹಳೆಯ ಜಾಗಕ್ಕೆ ಮರಳಿತ್ತು, ಬೆಡ್‌ಶೀಟು ಇಳಿದಿತ್ತು. ಮಗಳ ಹಿಂದೆ ಯಾರೂ ಇರಲಿಲ್ಲ. ಗದ್ದಲದ ಲೈನು ಮಲಗುವ ಕೋಣೆಯಲ್ಲಿ, ವರದಿಯ ಜೊತೆಗೆ, ಬಾಗಿಲು ಹಾಕಿಕೊಂಡು ಕೂತಿತ್ತು. ಅದರ ಮೊಬೈಲು ಅತ್ತೆಯ ಮಡಿಲಲ್ಲಿತ್ತು. ಅತ್ತೆಯ ಸ್ಟೂಲು ಕೋಣೆಯ ಹೊಸಿಲ ಹೊರಗಿತ್ತು.

ಮಗಳು ಎರಡು ಸಲ ಕಿಟಕಿಯಿಂದ ಹೊರಗೆ ನೋಡಿದಳು. ಯಾರೂ ಏನೂ ಕೇಳದ್ದರಿಂದ ನೋಡುವುದು ಬೇಗ ಮುಗಿಯಿತು. ಒಂದು ಲೆಕ್ಕ ತಪ್ಪಾಯಿತು, ಹೊಡೆದುಹಾಕಿ ಮತ್ತೆ ಮಾಡಿದಳು. ಒಳಗಿನಿಂದ ಒಮ್ಮೆ, ನೀರು ಕುಡಿದೆಯಾ ಎಂಬ ದನಿ ಬಂತು. ಅತ್ತೆ ಗುಂಡಿ ಒತ್ತಿ, ಚೀಟಿಯಲ್ಲಿ ಏನೋ ಬರೆದರು. ದನಿ ಮತ್ತೆ ಬರಲಿಲ್ಲ. ಐದು ಇಪ್ಪತ್ತೆರಡಕ್ಕೆ ಪುಸ್ತಕ ಮುಚ್ಚಿತು.

ಒಪ್ಪಿಗೆಪತ್ರ ಹಿಡಿದು ಅವಳು ಕೋಣೆಯ ಬಾಗಿಲು ತಟ್ಟಲು ಹೋದಾಗ ಅಜ್ಜಿ ಬೆರಳು ಅಲ್ಲಾಡಿಸಿದರು: "ಬರೀತಿರೋರನ್ನ ಮಾತಾಡಿಸಬಾರದು. ಐದೂವರೆ ನಿಮಿಷ ಹಾಳಾಗತ್ತೆ." ಪತ್ರ ಬಾಗಿಲ ಸಂದಿನಿಂದ ಒಳಗೆ ಸರಿಯಿತು. ಒಳಗೆ ಕುರ್ಚಿ ತಕ್ಷಣ ಹಿಂದಕ್ಕೆ ಜರುಗಿದ ಸದ್ದಾಯಿತು, ಇಷ್ಟು ಹೊತ್ತು ಇಂಥದೇನಾದರೂ ಬರಲಿ ಎಂದು ಕಾಯುತ್ತಿದ್ದ ಹಾಗೆ. ಪತ್ರ ಸಹಿಯೊಂದಿಗೆ ಹೊರಗೆ ಬಂತು. ಅದರ ಹಿಂದೆಯೇ ಬಾಗಿಲು ತೆರೆದು ಸೆಕೆಂಡಪ್ಪನವರೂ ಬಂದರು. ಶೂ ಹಾಕಿಕೊಂಡಿದ್ದರು. ಮೊದಲ ದಿನವಲ್ಲವೇ, ಮೈದಾನದವರೆಗೆ ತಾನೂ ಹೋಗಿ ಸ್ವಲ್ಪ ಆಟ ನೋಡಿ ಬರುತ್ತೇನೆ ಎಂದರು.

ಅತ್ತೆ ಎಷ್ಟು ಪುಟ ಆಯಿತು ಎಂದು ವಿಚಾರಿಸಿದರು. ಎರಡೂವರೆ ಎಂಬ ಉತ್ತರ ಬಂತು.

"ಒಂದು ದಿನವಾದ್ರೂ ಆರರೊಳಗೆ ಮುಗಿಸಿ ತೋರಿಸಿ, ಆಮೇಲೆ ಆಟ" ಎಂದರು ಅತ್ತೆ, ಸ್ಟಾಪ್‌ವಾಚನ್ನು ಸೊನ್ನೆಗೆ ತರುತ್ತ.

ಸೆಕೆಂಡಪ್ಪನವರು ಮಗಳ ಕಡೆ ನೋಡಿದರು. ಅವಳು ಲೇಸು ಕಟ್ಟಿಕೊಳ್ಳುತ್ತಿದ್ದಳು. ಕಟ್ಟಿ ಮುಗಿಸಿ ಎದ್ದು, ಅಪ್ಪನ ಬೆನ್ನು ಮೆಲ್ಲಗೆ ತಟ್ಟಿ, ನೆಟ್ಟಗೆ ಕೂತ್ಕೊಂಡು ಬರಿ ಎಂದು ಹೇಳಿ ಹೊರಟಳು. ಅವರು ಒಳಗೆ ಹೋಗಿ ಶೂ ಬಿಚ್ಚಿಟ್ಟರು.

ತಂಡದ ಮೊದಲ ಪಂದ್ಯ ಮುಂದಿನ ಗುರುವಾರ ಸಂಜೆ ಐದಕ್ಕೆ. ಅಪ್ಪನನ್ನು ಕಳಿಸುವ ಒಪ್ಪಿಗೆಪತ್ರವನ್ನು ಮಗಳೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದರ ಮೇಲೆ ಅಮ್ಮನ ಸಹಿ ಬಿದ್ದಿದೆ, ಅಜ್ಜಿಯದು ಬಾಕಿ ಇದೆ.